ಮೈಕಿನಲ್ಲಿ ಓದಿಸಿದ ಮುಯ್ಯಿ

ಹೊನ್ನಬುಟ್ಟಿ ಪತ್ತಿನ ಸೌಹಾರ್ದದವರು ಶಿಡ್ಲಘಟ್ಟದ ಮೆಸ್ ಆದಿಲಕ್ಷ್ಮಮ್ಮನಿಗೆ ಇವತ್ತಿನ ತನಕ ತೊಂಬತ್ತು ಸಾವಿರ ರೂಪಾಯಿ ಬಾಕಿ ಕೊಡಬೇಕು. ಮೊದಲು ಕೊಡಬೇಕಿದ್ದದ್ದು ಎರಡು ಲಕ್ಷ ನಲವತ್ತು ಸಾವಿರ. ಮಿಕ್ಕದ್ದನ್ನು ಆಕೆ ವಸೂಲು ಮಾಡಿದ್ದು ಕೋರ್ಟಿನಲ್ಲಲ್ಲ, ಪೊಲೀಸ್ ಸ್ಟೇಷನ್ನಿನಲ್ಲಲ್ಲ, ಯಾವ ಮಂತ್ರಿಯ ಕಾಲು ಹಿಡಿದೂ ಅಲ್ಲ. ಚಿಂತಾಮಣಿಯ ಒಂದು ಕಲ್ಯಾಣ ಮಂಟಪದಲ್ಲಿ, ಹೋಳಿಗೆ ಊಟಕ್ಕೆ ಎಲೆ ಹಾಕುವ ಮುಂಚೆ. ಅದೂ ಬಾಯಿ ತಪ್ಪಿ ಆಡಿದ ಒಂದು ಮಾತಿನಿಂದ.

ಆದಿಲಕ್ಷ್ಮಮ್ಮ ಸಾದಲಿ ಕಡೆಯ ಹೆಂಗಸು. ವಯಸ್ಸು ಐವತ್ತು ದಾಟಿದೆ, ದನಿ ಇನ್ನೂ ಇಪ್ಪತ್ತೈದರಲ್ಲೇ ಇದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ, ಶೀಟು ಹೊದಿಸಿದ ಒಂದು ಬಾಡಿಗೆ ಅಂಗಡಿಯಲ್ಲಿ ಅವಳ ಮೆಸ್. ಬೋರ್ಡಿಲ್ಲ. ಮಧ್ಯಾಹ್ನ ಹನ್ನೆರಡಾದರೆ ಬಸ್ಸಾರಿನ ವಾಸನೆಯೇ ಬೋರ್ಡು. ರೇಷ್ಮೆಗೂಡು ಹರಾಜಿಗೆ ತಂದ ರೈತರು, ಗೂಡು ಕೊಂಡು ನೂಲು ತೆಗೆಸುವ ರೀಲರುಗಳು, ಮೂಟೆ ಹೊರುವವರು, ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತು ಮುದ್ದೆ ಮುರಿಯುತ್ತಾರೆ. ಅಲ್ಲಿ ಊಟದಷ್ಟೇ ಬೈಗುಳಕ್ಕೂ ಗಿರಾಕಿಗಳುಂಟು.

"ಏನಮ್ಮೋ, ಸಾರು ನೀರಾಗೈತೆ ಇವತ್ತು."

"ಗೂಡಿನ ರೇಟ್ ಬಿದ್ದೋಯ್ತು ಅಂತ ಆವಾಗಿಂದ ಎಲೆ ಮೇಲೆ ಬಗ್ಗಿಕೊಂಡು ಅಳ್ತಾ ಇದೀಯ. ನಿನ್ ಕಣ್ಣೀರೇ ಬಿದ್ದಿರ್ಬೇಕು ನೋಡಪ್ಪ."

ಗಂಡ ಆಂಜನಪ್ಪ ಇದಕ್ಕೆ ತದ್ವಿರುದ್ಧ. ಬೆಳಗಿನ ಜಾವ ಊರಿನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಬಸ್ಸು ಹತ್ತಿ ಬಂದು ಮೆಸ್ಸಿನ ಗಲ್ಲಾದಲ್ಲಿ ಕೂರುತ್ತಾನೆ. ಜೋರಾಗಿ ಮಾತಾಡಿದರೆ ಹುಳಕ್ಕೆ ಆಗಲ್ಲ ಅಂತ ಬೆಳೆಸಿಕೊಂಡ ಮೆತ್ತನೆಯ ದನಿ ಮನುಷ್ಯರ ಹತ್ತಿರವೂ ಹಾಗೇ ಉಳಿದುಬಿಟ್ಟಿದೆ. ಯಾರ ಕಷ್ಟ ಕೇಳಿದರೂ ಅವನ ಬಾಯಲ್ಲಿ ಮೊದಲು ಬರುವುದು "ಪಾಪ". ಸಾಲ ಹೇಳಿ ತಿಂದು ಹೋದವನಿಗೂ ಪಾಪ, ತಿಂದು ಹೇಳದೇ ಹೋದವನಿಗೂ ಪಾಪ.

ಹೊನ್ನಬುಟ್ಟಿಯ ಪಿಗ್ಮಿ ಕಟ್ಟಿಸಿಕೊಳ್ಳುತ್ತಿದ್ದವನು ವೆಂಕಟೇಶ್. ದಿನಾ ಮೂರು ಗಂಟೆಗೆ ಗಿರಾಕಿ ಕರಗುವ ಹೊತ್ತಿಗೆ ಬಂದು, ಕೈಯ ಪುಟ್ಟ ಮಷಿನ್ನಿನಿಂದ ರಸೀತಿ ಹರಿದು ಕೊಟ್ಟು, ಇನ್ನೂರು ರೂಪಾಯಿ ತಗೊಂಡು, ಮಿಕ್ಕ ಮುದ್ದೆ ಉಂಡು ಹೋಗುವನು. ವರ್ಷಗಟ್ಟಲೆ ಹಾಗೆ ಕಟ್ಟಿದ ದುಡ್ಡು ಅದು. ಆದಿಲಕ್ಷ್ಮಮ್ಮನಿಗೆ ಇದ್ದದ್ದು ಒಂದೇ ಲೆಕ್ಕಾಚಾರ: ಈ ಶೀಟಿನ ಅಂಗಡಿಯನ್ನೇ ಕೊಂಡುಬಿಡಬೇಕು. ಅಂಗಡಿ ಯಜಮಾನ ಮುನಿನಾರಾಯಣಪ್ಪ ಒಪ್ಪಿದ್ದ. ಒಂದೂವರೆ ಲಕ್ಷ ಮುಂಗಡ ಕೊಟ್ಟರೆ ಕರಾರು, ಉಳಿದದ್ದಕ್ಕೆ ಬ್ಯಾಂಕ್ ಸಾಲ.

ಹೀಗಿರುವಾಗ ಒಂದು ಸೋಮವಾರ ಹೊನ್ನಬುಟ್ಟಿಯ ಶಟರು ಏಳಲಿಲ್ಲ. ಅದರ ಮೇಲೊಂದು ಕಾಗದ ಅಂಟಿಸಿತ್ತು: ತಾಂತ್ರಿಕ ಕಾರಣಗಳಿಂದ ಹಣ ಪಾವತಿ ತಾತ್ಕಾಲಿಕವಾಗಿ ಸ್ಥಗಿತ.

"ತಾಂತ್ರಿಕ ಅಂದ್ರೇನ್ರೀ, ಮಾಟಗೀಟ ಮಾಡಿಸವ್ರಾ?" ಅಂತ ಆದಿಲಕ್ಷ್ಮಮ್ಮ ಪಕ್ಕದಲ್ಲಿದ್ದವರನ್ನು ಕೇಳಿದಳು.

ಮಾಟವೇ. ಎಲ್ಲರ ಕಣ್ಣ ಮುಂದೆ ಇದ್ದ ದುಡ್ಡು ಮಾಯವಾಗಿತ್ತು. ಅಧ್ಯಕ್ಷ ರಮೇಶ್‌ಬಾಬು ಮತ್ತವನ ನಿರ್ದೇಶಕರು ತಮ್ಮ ತಮ್ಮವರಿಗೇ ಸಾಲ ಬರೆದುಕೊಂಡು, ಮಂಡಿಕಲ್ ಕಡೆ ಲೇಔಟ್ ಮಾಡಲು ಜಮೀನು ಹಿಡಿದಿದ್ದರು. ಸೈಟುಗಳು ಅಂದುಕೊಂಡ ಹಾಗೆ ಹೋಗಲಿಲ್ಲ, ಸಾಲ ವಾಪಸು ಬರಲಿಲ್ಲ. ಇದು ಬ್ಯಾಂಕೂ ಅಲ್ಲ. ಬ್ಯಾಂಕಿನ ಠೇವಣಿಗೆ ಇರುವ ವಿಮೆ ಇಂಥ ಸೊಸೈಟಿಯ ಠೇವಣಿಗಿಲ್ಲ. ಈ ಸಂಗತಿ ಕಟ್ಟುವವರಿಗೆ ಯಾರೂ ಹೇಳಿರಲಿಲ್ಲ. ಕಟ್ಟಿಸಿಕೊಳ್ಳುವವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ವಾರ ಮುನಿನಾರಾಯಣಪ್ಪ ಮೆಸ್ಸಿಗೆ ಬಂದ. ಮುದ್ದೆ ಉಂಡು, ಕೈ ತೊಳೆದು, ಬಾಗಿಲಲ್ಲಿ ನಿಂತು ಹೇಳಿದ: "ಆದಿಲಕ್ಷ್ಮಮ್ಮ, ಮೊಬೈಲ್ ಅಂಗಡಿಯೋನು ನಗದು ಹಿಡ್ಕೊಂಡು ನಿಂತವ್ನೆ. ನಿನ್ ಮೊಕ ನೋಡಿ ಬರೋ ತಿಂಗಳು ಐದನೇ ತಾರೀಕಿನವರ್ಗೂ ತಡೀತೀನಿ. ಆಮೇಲೆ ನನ್ನ ಬೈಬ್ಯಾಡ."

"ಬೈಯೋದು ಬಿಡು, ಇವತ್ತಿನ ಊಟದ ದುಡ್ಡು ಇಟ್ಟು ಹೋಗು" ಅಂದಳು. ಮಾತು ಜೋರಾಗೇ ಇತ್ತು. ಆದರೆ ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಸ್ವಲ್ಪ ದಿನಕ್ಕೆ ರಮೇಶ್‌ಬಾಬು ಶಿಡ್ಲಘಟ್ಟದಲ್ಲಿ ಠೇವಣಿದಾರರ ಸಭೆ ಕರೆದ. ಬಿಳಿ ಶರಟು, ಕೈಯಲ್ಲಿ ಕರ್ಚೀಫು. ಒಳ್ಳೆ ಮಾತುಗಾರ.

"ದೊಡ್ಡ ದೊಡ್ಡ ಬ್ಯಾಂಕು ಮುಳುಗ್ದಾಗ ಸರ್ಕಾರ ಕೈ ಹಿಡಿದು ಎತ್ತಲ್ವಾ? ನಾವು ರೈತರ ಮಕ್ಕಳು. ನಮ್ಮನ್ನ ಯಾಕೆ ಎತ್ತಬಾರ್ದು? ಸಂಸ್ಥೆ ಉಳಿದ್ರೆ ನೀವು ಉಳೀತೀರಿ. ಈ ಮನವಿಗೆ ಎಲ್ಲಾರೂ ಒಂದೊಂದು ಸಹಿ ಹಾಕಿ, ಸರ್ಕಾರಕ್ಕೆ ಕಳಿಸಣ." ಇಷ್ಟು ಹೇಳಿ ಕರ್ಚೀಫಿನಲ್ಲಿ ಕಣ್ಣೊತ್ತಿಕೊಂಡ. ಸಭೆಯಲ್ಲಿ ಹತ್ತಾರು ಬಾಯಿ ಒಟ್ಟಿಗೆ "ಪಾಪ" ಅಂದವು. ಆಂಜನಪ್ಪನ ಬಾಯಿ ಎಲ್ಲರಿಗಿಂತ ಮುಂಚೆ.

ಆದಿಲಕ್ಷ್ಮಮ್ಮ ಎದ್ದು ನಿಂತಳು. "ಸಾ, ಸರ್ಕಾರ ದುಡ್ಡು ಕೊಟ್ರೆ ಯಾರ್ ಕೈಗೆ ಬರ್ತೈತೆ?"

"ಸಂಸ್ಥೆಗಮ್ಮಾ."

"ಸಂಸ್ಥೆ ಅಂದ್ರೆ ನೀವೇ ಅಲ್ವಾ?"

"ಛೆ ಛೆ. ಕಾನೂನು ಪ್ರಕಾರ ಸಂಸ್ಥೆ ಬೇರೆ, ನಾನು ಬೇರೆ."

"ಅದೆಂಗೆ ಸಾ? ದುಡ್ಡು ಕಟ್ಟಿಸ್ಕೊಳ್ಳೋವಾಗ 'ನಾನಿದೀನಿ, ನನ್ ಮೊಕ ನೋಡಿ ಕಟ್ಟಿ' ಅಂದ್ರಿ. ಆವಾಗ ಒಬ್ರೇ ಇದ್ರಿ. ಈವಾಗ ಇಬ್ರಾಗ್ಬಿಟ್ರಾ?"

ಜನ ನಕ್ಕರು. ರಮೇಶ್‌ಬಾಬುವೂ ನಕ್ಕ, ನಕ್ಕು ಮುಂದಿನವರ ಕಡೆ ತಿರುಗಿದ. ಆಂಜನಪ್ಪ ಅಷ್ಟರಲ್ಲಿ ಸಹಿ ಹಾಕಿ ಪೆನ್ನು ವಾಪಸು ಕೊಟ್ಟಿದ್ದ.

ಮನೆಗೆ ಬರುವ ತನಕ ಬಸ್ಸಿನಲ್ಲಿ ಗಂಡಹೆಂಡಿರ ಜಗಳ. ಬಸ್ಸಿನವರಿಗೆಲ್ಲ ಪುಕ್ಕಟೆ ಮನರಂಜನೆ.

"ಏನಯ್ಯಾ ನೀನು, ಕೇಳೋಕ್ಕೆ ಮುಂಚೆ ಗೀಚಿಬಿಟ್ಟೆ? ಸರ್ಕಾರದ ದುಡ್ಡು ಅಂದ್ರೆ ಆಕಾಶದಿಂದ ಉದುರ್ತೈತಾ? ನಾನು ಎಣ್ಣೆಗೆ, ಸಿಲಿಂಡ್ರಿಗೆ, ಸೋಪಿಗೆ ಕಟ್ಟಿರೋ ಟ್ಯಾಕ್ಸು ಅದು. ಒಂದ್ಸಲ ಪಿಗ್ಮೀಲಿ ತಿಂದವ್ನೆ. ಇನ್ನೊಂದ್ಸಲ ಟ್ಯಾಕ್ಸಲ್ಲೂ ತಿನ್ಲಾ?"

"ಅದೆಲ್ಲಾ ಸರಿ ಕಣೇ" ಅಂದ ಆಂಜನಪ್ಪ, ಕಿಟಕಿಯ ಕಡೆ ನೋಡುತ್ತಾ. "ಬಾವೀಗ್ ಬಿದ್ದಿರೋನು ಅವನೊಬ್ನೇ ಆಗಿದ್ರೆ ನಾನೂ ಹಾಳಾಗೋಗ್ಲಿ ಅಂತಿದ್ದೆ. ಅವನ್ ಸೊಂಟಕ್ಕೆ ಕಟ್ಟಿರೋ ಹಗ್ಗದಾಗೆ ನಾವೆಲ್ಲಾ ನೇತಾಡ್ತಾ ಇದೀವಿ. ಯಾರು ತಳ್ಳಿದ್ದು ಅಂತ ವಿಚಾರಣೆ ಮಾಡ್ತಾ ಕೂತ್ರೆ ಅಷ್ಟರಲ್ಲಿ ನಾವೂ ಮುಳುಗ್ತೀವಿ. ಸರ್ಕಾರನೋ ಯಾರೋ, ಮೊದ್ಲು ಎತ್ತಲಿ."

ಆದಿಲಕ್ಷ್ಮಮ್ಮನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಗಂಡನ ಮಾತಿನಲ್ಲಿ ಹುರುಳಿತ್ತು, ಅದೇ ಅವಳಿಗೆ ಸಿಟ್ಟು. ಇಂಥ ಸಂಸ್ಥೆಗಳನ್ನು ನಡೆಸುವವರಿಗೆ ಈ ಹಗ್ಗದ ಉಪಯೋಗ ಚೆನ್ನಾಗಿ ಗೊತ್ತು. ಬೀಳುವ ಮುಂಚೆ ಊರಿನ ಬಡವರನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ. ಕೂಗುವುದು ಬಡವರ ಹೆಸರಿನಲ್ಲಿ, ಮೇಲಕ್ಕೆ ಬರುವುದು ತಾವು.

ಈ ನಡುವೆ ವೆಂಕಟೇಶ್ ಮಾತ್ರ ಬರುವುದು ನಿಲ್ಲಿಸಲಿಲ್ಲ. ಪಿಗ್ಮಿಗಲ್ಲ, ಮುದ್ದೆಗೆ. ಅವನಿಗೆ ತಿಂಗಳುಗಳಿಂದ ಕಮಿಷನ್ ಬಂದಿರಲಿಲ್ಲ. ಮಷಿನ್ ಹಿಡಿದು ಮನೆಮನೆಗೆ ಹೋಗಿದ್ದವನು ಅವನೇ ಆದ್ದರಿಂದ ಬೈಗುಳವೆಲ್ಲ ಅವನಿಗೇ ಪಾವತಿಯಾಗುತ್ತಿತ್ತು. ಟೀ ಅಂಗಡಿಯ ಮುಂದೆ ಒಬ್ಬ ಅವನ ಕಾಲರಿಗೇ ಕೈ ಹಾಕಿದ್ದ.

"ಪಾಪ ಅನ್ಬೇಕಾದ್ರೆ ಇವನಿಗನ್ನು" ಅಂತ ಗಂಡನಿಗೆ ಹೇಳಿ, ವೆಂಕಟೇಶನ ಎಲೆಗೆ ಇನ್ನೊಂದು ಮುದ್ದೆ ಕುಕ್ಕಿದಳು. "ತಿನ್ನಲೇ. ನಿನ್ ಲೆಕ್ಕ ಬೇರೆ ಬರ್ದಿಟ್ಟಿದೀನಿ, ಪುಕ್ಕಟೆ ಅಂದ್ಕೋಬ್ಯಾಡ."

ಅವತ್ತು ವೆಂಕಟೇಶ್ ಚೀಲದಿಂದ ಒಂದು ಬಂಗಾರದ ಬಣ್ಣದ ಲಕೋಟೆ ತೆಗೆದ. ರಮೇಶ್‌ಬಾಬುವಿನ ಮಗಳು ಭಾನುಪ್ರಿಯಾಳ ಮದುವೆಯ ಪತ್ರಿಕೆ. ಸಂಸ್ಥೆಯ ಬಗ್ಗೆ ಗುಲ್ಲು ಹಬ್ಬಿದೆಯಲ್ಲ, ಏನೂ ಆಗಿಲ್ಲ ಅಂತ ತೋರಿಸಲು ಠೇವಣಿದಾರರಿಗೆಲ್ಲ ಪತ್ರಿಕೆ ಹಂಚಿಸಿದ್ದ. ಹಂಚುವ ಕೂಲಿಯೂ ವೆಂಕಟೇಶನ ಬಾಕಿಗೆ ಸೇರಿತು.

"ನಾನು ಬರಲ್ಲ" ಅಂದಳು ಆದಿಲಕ್ಷ್ಮಮ್ಮ.

"ಹೋಗ್ಲೇಬೇಕು ಕಣೇ" ಅಂದ ಆಂಜನಪ್ಪ. "ನಮ್ ಮಗಳು ಶೈಲಜಾ ಮದ್ವೇಲಿ ಅವ್ನು ಬಂದು ಸಾವಿರದೊಂದು ಓದ್ಸವ್ನೆ. ಮುಯ್ಯಿ ತೀರಿಸ್ಬೇಕಾ ಬ್ಯಾಡ್ವಾ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಸೀಮೆಯಲ್ಲಿ ಮದುವೆಗೆ ಹೋದವರು ಕೊಡುವ ದುಡ್ಡು ಬರೀ ಉಡುಗೊರೆಯಲ್ಲ, ಮುಯ್ಯಿ. ಧಾರೆ ಮುಗಿದ ಮೇಲೆ ಮಂಟಪದ ಪಕ್ಕ ಒಂದು ಮೇಜು ಹಾಕಿ, ಕೊಟ್ಟವರ ಹೆಸರು ಮೊತ್ತ ಬರೆದುಕೊಂಡು, ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಸಾರುತ್ತಾರೆ. ಅದೇ ಓದಿಸುವುದು. ಹಾಗೆ ಸಭೆಯಲ್ಲಿ ಓದಿಸಿದ್ದನ್ನು, ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಮೇಲೊಂದಿಷ್ಟು ಸೇರಿಸಿ ತಿರುಗಿ ಓದಿಸಲೇಬೇಕು. ಇದಕ್ಕೆ ರಿಜಿಸ್ಟ್ರಾರ್ ಇಲ್ಲ, ವಕೀಲನಿಲ್ಲ. ತೀರಿಸದಿದ್ದರೆ ಆ ಮನೆಯವರನ್ನು ನೆಂಟರು ಎದುರಿಗೇ ಆಡಿಕೊಳ್ಳುತ್ತಾರೆ, ಅಷ್ಟೆ. ಆ ಅಷ್ಟೇ ಸಾಕು.

ಅದಕ್ಕೇ, ಎರಡು ಲಕ್ಷ ನಲವತ್ತು ಸಾವಿರ ಕಳೆದುಕೊಂಡ ಆಂಜನಪ್ಪ, ಕಳೆದವನ ಮನೆಗೆ ಸಾವಿರದ ನೂರೊಂದು ಕೊಡಲು ಇಸ್ತ್ರಿ ಪಂಚೆ ಉಟ್ಟು ಹೊರಟ. ಆದಿಲಕ್ಷ್ಮಮ್ಮನೂ ರೇಷ್ಮೆ ಸೀರೆ ಉಟ್ಟಳು. ರಮೇಶ್‌ಬಾಬುವನ್ನು ಮೂಲೆಗೆ ಕರೆದು, ಐದನೇ ತಾರೀಕಿನೊಳಗೆ ಒಂದೂವರೆಯಾದರೂ ಕೊಡು ಅಂತ ಕೇಳುವುದು ಅವಳ ಹೂಟ. ಹೆಣ್ಣುಮಗಳ ಮದುವೆ, ಗಲಾಟೆ ಮಾಡಬಾರದು ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಚಿಂತಾಮಣಿಯ ಆ ಮಂಟಪದ ಬಾಗಿಲಿನಿಂದ ಒಳಗಿನ ತನಕ ಹೂವು. ಬೆಂಗಳೂರಿನ ಅಡುಗೆಯವರು. ಐಸ್‌ಕ್ರೀಮಿಗೇ ಬೇರೆ ಪಂಗಡ. ಆದಿಲಕ್ಷ್ಮಮ್ಮ ಒಂದೊಂದನ್ನೂ ನೋಡುತ್ತಾ, "ಇದು ನನ್ ಇನ್ನೂರು. ಇದು ನನ್ ಇನ್ನೂರು. ಅಗೋ, ಆ ಹೂವಿನ ಆನೆ ಐತಲ್ಲ, ಅದರ ಸೊಂಡ್ಲು ಪೂರ್ತಿ ನಂದೇ" ಅಂತ ಗಂಡನ ಕಿವಿಯಲ್ಲಿ ಹೇಳುತ್ತಾ ಬಂದಳು. ರಮೇಶ್‌ಬಾಬು ಇವರನ್ನು ಕಂಡವನೇ ಕೈ ಮುಗಿದು, ಎರಡನೇ ಮಾತಿಗೆ ಸಿಕ್ಕದೆ ಗಂಡಿನ ಕಡೆಯವರ ನಡುವೆ ಸೇರಿಕೊಂಡ.

ಧಾರೆ ಮುಗಿಯಿತು. ಮೇಜು ಬಂತು. ಬರೆಯಲು ಕೂತವನು ರಮೇಶ್‌ಬಾಬುವಿನ ತಮ್ಮ ಮೋಹನ್‌ಬಾಬು. ಗೌರಿಬಿದನೂರಿನ ಕಾಲೇಜಿನಲ್ಲಿ ಪಾಠ ಹೇಳುವವನು, ಅಣ್ಣನ ವ್ಯವಹಾರಕ್ಕೆ ತಲೆ ಹಾಕದವನು. ಪಕ್ಕದಲ್ಲಿ ಮೈಕು ಹಿಡಿದವನು ಸೌಂಡ್ ಸಿಸ್ಟಮ್ಮಿನ ಕೋನಪ್ಪ. ಅವನ ಗಂಟಲು ಎಂಥದ್ದೆಂದರೆ ಮೈಕು ಅವನಿಗೆ ಬರೀ ಅಲಂಕಾರ. ಮೇಜಿನ ಮೇಲೆ ಸ್ಕ್ಯಾನ್ ಮಾಡುವ ಚೀಟಿಯೂ ಅಂಟಿಸಿತ್ತು. ಹಾಗಾಗಿ ಎಷ್ಟೋ ಜನ ಕವರೇ ಕೊಡದೆ, "ಆಗ್ಲೇ ಹಾಕಿದೀನಿ, ಬರ್ಕೊಳ್ಳಿ" ಅನ್ನುತ್ತಾ ಮುಂದೆ ಸಾಗುತ್ತಿದ್ದರು. ಸಾಲು ಉದ್ದವಿತ್ತು, ಒಳಗಿನಿಂದ ಹೋಳಿಗೆ ವಾಸನೆ ಬರುತ್ತಿತ್ತು, ಮೋಹನ್‌ಬಾಬು ತಲೆಯೆತ್ತದೆ ಬರೆಯುತ್ತಿದ್ದ.

ಇವರ ಸರದಿ ಬಂತು. ಆಂಜನಪ್ಪ ಜೇಬಿಗೆ ಕೈ ಹಾಕಿದ. ಆ ಕೈಯಲ್ಲಿ ಸಾವಿರದ ನೂರೊಂದರ ಕವರು ಕಂಡ ಕೂಡಲೇ ಆದಿಲಕ್ಷ್ಮಮ್ಮನಿಗೆ ಅಲ್ಲಿಯ ತನಕ ಹಿಡಿದಿಟ್ಟಿದ್ದದ್ದು ತಡೆಯಲಾಗಲಿಲ್ಲ. ಕವರನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೆಸರು?" ಅಂದ ಮೋಹನ್‌ಬಾಬು.

"ಶಿಡ್ಲಘಟ್ಟದ ಮೆಸ್ ಆದಿಲಕ್ಷ್ಮಮ್ಮ."

"ಎಷ್ಟಮ್ಮಾ?"

"ಎರಡು ಲಕ್ಷ ನಲವತ್ತು ಸಾವಿರ. ಆಗ್ಲೇ ಕೊಟ್ಟಿದೀವಿ."

ಅವಳು ಹೇಳಿದ್ದು ಉರಿಯಿಂದ, ಕುಟುಕಲಿಕ್ಕೆ. ಆದರೆ ಬೆಳಗ್ಗೆಯಿಂದ "ಆಗ್ಲೇ ಹಾಕಿದೀನಿ" ಕೇಳಿ ಕೇಳಿ ಒಗ್ಗಿಹೋಗಿದ್ದ ಮೋಹನ್‌ಬಾಬು, "ಓ, ಅಣ್ಣನ ಅಕೌಂಟಿಗೇ ಹಾಕಿದೀರಾ, ಸಂತೋಷಮ್ಮ" ಅಂತ ಬರೆದೇಬಿಟ್ಟ. ಕೋನಪ್ಪ ಬಗ್ಗಿ ನೋಡಿ, ಮೈಕು ಬಾಯಿಗೆ ಹಿಡಿದ.

"ಶಿಡ್ಲಘಟ್ಟದ ಮೆಸ್ ಆದಿಲಕ್ಷ್ಮಮ್ಮನೋರು ಓದಿಸ್ದಂಥ ಮುಯ್ಯಿಈಈ... ಎರಡು ಲಕ್ಷದಾಆ... ನಲವತ್ತು ಸಾವಿರಾಆ!"

ನಾದಸ್ವರದವನು ಅರ್ಧಕ್ಕೆ ನಿಲ್ಲಿಸಿದ. ಮಂಟಪದ ಅಷ್ಟೂ ತಲೆಗಳು ಈ ಕಡೆ ತಿರುಗಿದವು. ಆಮೇಲೆ ಗಂಡಿನ ಕಡೆಯ ಹೆಂಗಸರು ಚಪ್ಪಾಳೆ ಹೊಡೆದರು.

ಆಂಜನಪ್ಪ ಹೆಂಡತಿಯ ಸೆರಗು ಹಿಡಿದೆಳೆದ. "ಲೇ, ಏನೇ ಮಾಡ್ದೆ?"

"ನಾನೇನ್ ಮಾಡ್ದೆ? ಬೈದೆ. ಅವ್ನು ಬರ್ಕೊಂಡ."

ಊಟದ ಹಾಲಿನ ಬಾಗಿಲಲ್ಲಿ ಕಾಯುತ್ತಿದ್ದವರಲ್ಲಿ ಹೊನ್ನಬುಟ್ಟಿಯ ಇನ್ನಷ್ಟು ಠೇವಣಿದಾರರಿದ್ದರು. ಮೊದಲು ಅರ್ಥವಾದದ್ದು ಚಿಂತಾಮಣಿ ಬಸ್‌ಸ್ಟಾಂಡಿನಲ್ಲಿ ಹೂವು ಮಾರುವ ಅಮ್ಮಾಜಮ್ಮನಿಗೆ. ಹಿಡಿದಿದ್ದ ಜಾಗವನ್ನು ಅಲ್ಲೇ ಬಿಟ್ಟು ಮೇಜಿನ ಹತ್ತಿರ ಓಡಿ ಬಂದಳು.

"ನಂದೂ ಬರ್ಕೋ ಸಾಮಿ. ಅಮ್ಮಾಜಮ್ಮ, ಎಂಬತ್ತು ಸಾವಿರ. ನಾನೂ ಆಗ್ಲೇ ಕೊಟ್ಟಿದೀನಿ!"

ಅವಳ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತಿಬ್ಬರು. ಒಂದು ಲಕ್ಷ. ಮೂರು ಲಕ್ಷ. ಒಂದೂಮುಕ್ಕಾಲು. ಕೋನಪ್ಪನ ದನಿ ಏರುತ್ತಲೇ ಹೋಯಿತು. ಕೊನೆಗೆ ಅವನು ಮೈಕು ಕೆಳಗಿಳಿಸದೇ, "ಇದೇ ಸೌಂಡ್ ಸಿಸ್ಟಮ್ ಕೋನಪ್ಪ ಅನ್ನೋನು ಓದಿಸ್ದಂಥ ಮುಯ್ಯಿ, ಅರವತ್ತು ಸಾವಿರಾಆ!" ಅಂತ ತನ್ನದನ್ನೂ ಸೇರಿಸಿದ. ಮೋಹನ್‌ಬಾಬು ಬರೆಯುತ್ತಲೇ ಇದ್ದ. ಅಣ್ಣನ ಮೇಲೆ ಜನಕ್ಕೆ ಇಷ್ಟು ಪ್ರೀತಿಯಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು.

ಗಂಡಿನ ತಂದೆ ವೆಂಕಟರಾಮಪ್ಪ ಅಂಬಾಜಿದುರ್ಗದ ತಪ್ಪಲಿನ ಊರಿನವರು. ಹಳೇ ಕಾಲದ ಜಮೀನುದಾರರ ಮನೆ, ಬಿಗಿ ಮನುಷ್ಯ. ಅವರು ಎದ್ದು ಕೋಲೂರುತ್ತಾ ಮೇಜಿನ ಹತ್ತಿರ ಬಂದು ಆದಿಲಕ್ಷ್ಮಮ್ಮನಿಗೆ ಕೈ ಮುಗಿದರು.

"ದೊಡ್ಡ ಮನಸ್ಸಮ್ಮಾ ನಿಮ್ದು. ನಮ್ ಬೀಗರಿಗೆ ನೀವು ಏನಾಗಬೇಕು?"

ಇಲ್ಲಿ ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಾವಾ ಸಾಮಿ? ಠೇವಣಿದಾರರು."

ವೆಂಕಟರಾಮಪ್ಪ ಅವಳ ಮುಖ ನೋಡಿದರು. ಸಾಲಿನಲ್ಲಿ ನಿಂತವರ ಮುಖ ನೋಡಿದರು. ಆಮೇಲೆ ತಿರುಗಿ, ಅಲ್ಲಿಯೇ ಬೆವರುತ್ತಾ ಬಂದು ನಿಂತಿದ್ದ ರಮೇಶ್‌ಬಾಬುವಿನ ಮುಖ ನೋಡಿದರು.

"ಏಮಯ್ಯಾ ರಮೇಶಾ, ಏನಿದು?"

"ಅದು... ಬೀಗ್ರೇ, ಅದು ಸಂಸ್ಥೆ ವ್ಯವಹಾರ. ಸರ್ಕಾರಕ್ಕೆ ಮನವಿ ಹೋಗ್ತೈತೆ. ಸರ್ಕಾರ ಕೈ ಹಿಡಿದ್ರೆ ಎಲ್ಲಾರಿಗೂ ಕೊಡ್ತೀವಿ. ಸಂಸ್ಥೆ ಬೇರೆ, ನಾನು ಬೇರೆ."

"ಮದ್ವೆ ನಿನ್ ಮಗಳ್ದೋ, ಸಂಸ್ಥೇದೋ?"

ಜನ ಗೊಳ್ಳೆಂದರು. ವೆಂಕಟರಾಮಪ್ಪ ನಗಲಿಲ್ಲ.

"ಓದ್ಸಿರೋದು ನಿನ್ ಮನೆ ಹೆಸರಿಗೆ. ಬರ್ಕೊಂಡಿರೋದು ನಿನ್ ಒಡಹುಟ್ಟಿದ ತಮ್ಮ. ಕೇಳಿರೋದು ನಮ್ ನೆಂಟ್ರು, ನಿನ್ ನೆಂಟ್ರು. ನಾಳೆ ನಮ್ಮೂರಾಗೆ ಹೆಂಗಸ್ರು, ನಿಮ್ ಸೊಸೆ ತವರಿನೋರು ಮುಯ್ಯಿ ತಿಂದೋರು ಅಂದ್ರೆ ನಾನು ಯಾವ ಸರ್ಕಾರಕ್ಕೆ ಮನವಿ ಕೊಡ್ಲಿ?"

ಆದಿಲಕ್ಷ್ಮಮ್ಮನಿಗೆ ಆವಾಗ ಹೊಳೆಯಿತು, ಬಸ್ಸಿನಲ್ಲಿ ಗಂಡನಿಗೆ ಕೊಡಲಾಗದಿದ್ದ ಉತ್ತರ. ಸಂಸ್ಥೆಗೆ ಕೊಟ್ಟದ್ದು ಸಂಸ್ಥೆಯ ಜೊತೆ ಮುಳುಗುತ್ತದೆ. ಮನೆಗೆ ಕೊಟ್ಟದ್ದು ಮನೆ ನಿಂತಿರುವ ತನಕ ಮುಳುಗುವುದಿಲ್ಲ. ಅವನ ಮನೆ ನಿಂತಿತ್ತು. ಮೂರು ಮಹಡಿ.

ಮಂಟಪದಲ್ಲಿ ಕೂತಿದ್ದ ಭಾನುಪ್ರಿಯಾ ಅಷ್ಟು ಹೊತ್ತು ಕೇಳಿಸಿಕೊಂಡಿದ್ದಳು. ಮೂರು ದಿನದಿಂದ ನಿದ್ದೆಗೆಟ್ಟ ಹುಡುಗಿ, ತಲೆಯ ಮೇಲೆ ಒಂದು ಸೇರು ಹೂವು. ಅಲ್ಲಿಂದಲೇ ಕೂಗಿದಳು: "ಅಪ್ಪಾ, ಮಂಡಿಕಲ್ ಹತ್ರ ನನ್ ಹೆಸ್ರಲ್ಲಿ ಎರಡು ಕಾರ್ನರ್ ಸೈಟ್ ಮಾಡ್ಸಿದೀಯಲ್ಲ, ಅದನ್ನ ಮಾರಿ ಕೊಟ್ಬಿಡು ಅತ್ಲಾಗೆ. ಪ್ಲೀಸ್. ಫೋಟೋಗ್ರಾಫರ್ ಆವಾಗಿಂದ ಕಾಯ್ತಾವ್ರೆ!"

ಮಗಳ ಮಾತಿಗೆ ಎದುರಾಡಲು ಅಪ್ಪನಿಗೆ ಜಾಗವೇ ಉಳಿಯಲಿಲ್ಲ. ಕೋನಪ್ಪ ಮುಂದೆ ಹಿಡಿದ ಮೈಕಿನಲ್ಲೇ ರಮೇಶ್‌ಬಾಬು ಒಪ್ಪಿಕೊಂಡ: ಓದಿಸಿದ್ದನ್ನು ತೀರಿಸುತ್ತೇನೆ, ಅವರವರ ಮನೆ ಕಾರ್ಯಕ್ಕೆ ಬಂದು.

"ನಿಮ್ ಮನೇಲಿ ಕಾರ್ಯ ಯಾವಾಗಮ್ಮಾ?" ವೆಂಕಟರಾಮಪ್ಪ ಕೇಳಿದರು.

"ಬರೋ ತಿಂಗಳು ಐದನೇ ತಾರೀಕು. ನಮ್ ಸ್ವಂತ ಮೆಸ್ಸಿನ ಪೂಜೆ" ಅಂದಳು. ಮೆಸ್ಸು ಇನ್ನೂ ಸ್ವಂತದ್ದಾಗಿರಲಿಲ್ಲ. ಆಂಜನಪ್ಪ ಕೆಮ್ಮಿದ.

ಮಿಕ್ಕವರೂ ಸುಮ್ಮನಿರಲಿಲ್ಲ. ಒಬ್ಬನ ಮನೆಯಲ್ಲಿ ಆ ಕ್ಷಣವೇ ಮೊಮ್ಮಗುವಿನ ಕಿವಿ ಚುಚ್ಚುವುದು ನಿಶ್ಚಯವಾಯಿತು. ಅಮ್ಮಾಜಮ್ಮ ಮನೆಗೆ ಬಣ್ಣ ಹೊಡೆಸಿ ಇನ್ನೊಂದು ಸಲ ಗೃಹಪ್ರವೇಶ ಮಾಡುವೆನೆಂದಳು. ಮದುವೆಯೂ ಆಗದ, ಮನೆಯೂ ಇಲ್ಲದ ಒಬ್ಬ ಹಮಾಲಿ ಬಹಳ ಯೋಚಿಸಿ, "ನಮ್ ಎಮ್ಮೆ ಈ ತಿಂಗಳು ಈಯ್ತದೆ, ಕರುಗೆ ನಾಮಕರಣ ಮಾಡ್ತೀನಿ. ಎಲ್ಲಾರೂ ಬರ್ಬೇಕು" ಅಂದ. ಆಮೇಲೆ ಎಲ್ಲರೂ ಊಟಕ್ಕೆ ಕೂತರು. ಆದಿಲಕ್ಷ್ಮಮ್ಮ ನಾಲ್ಕು ಹೋಳಿಗೆ ತಿಂದು, ಸಾರು ಮಾತ್ರ ತನ್ನದರಷ್ಟು ಚೆನ್ನಾಗಿಲ್ಲ ಅಂತ ಬಡಿಸುವವನಿಗೇ ಹೇಳಿ ಎದ್ದಳು.

ಐದನೇ ತಾರೀಕು ಬಂತು. ಮೆಸ್ಸಿಗೆ ಮಾವಿನ ತೋರಣ ಕಟ್ಟಿ, ಕೋನಪ್ಪನ ಮೈಕು ಹಾಕಿಸಿ, ಬಂದವರಿಗೆಲ್ಲ ಅವರೆಕಾಳಿನ ಸಾರು ಮಾಡಿದ್ದಳು. ಮುನಿನಾರಾಯಣಪ್ಪ ಕರಾರಿನ ಕಾಗದ ಹಿಡಿದು ಒಂದು ಬೆಂಚಿನ ಮೇಲೆ, ಮೊಬೈಲ್ ಅಂಗಡಿಯವನು ನಗದು ಹಿಡಿದು ಇನ್ನೊಂದು ಬೆಂಚಿನ ಮೇಲೆ ಕೂತಿದ್ದರು. ಹತ್ತಾಯಿತು, ಹನ್ನೊಂದಾಯಿತು. ಪೂಜಾರಿ ಮೂರನೇ ಸಲ ಮುಹೂರ್ತ ಮುಂದಕ್ಕೆ ಹಾಕಿದ. ಆಂಜನಪ್ಪ ರಸ್ತೆಗೂ ಒಳಗೂ ಓಡಾಡುತ್ತಿದ್ದ. ಆದಿಲಕ್ಷ್ಮಮ್ಮ ಸೌಟು ಹಿಡಿದು ಒಲೆಯ ಮುಂದೆ ನಿಂತೇ ಇದ್ದಳು, ತಿರುಗಿ ನೋಡಲಿಲ್ಲ.

ಹನ್ನೆರಡಕ್ಕೆ ಒಂದು ಕಾರು ಬಂತು. ಮುಂದೆ ಇಳಿದದ್ದು ವೆಂಕಟರಾಮಪ್ಪನ ಕೋಲು, ಹಿಂದೆ ವೆಂಕಟರಾಮಪ್ಪ, ಅವರ ಹಿಂದೆ ತಟ್ಟೆ ಹಿಡಿದ ರಮೇಶ್‌ಬಾಬು. ತಟ್ಟೆಯಲ್ಲಿ ಎಲೆ ಅಡಿಕೆ, ಎರಡು ಬಾಳೆಹಣ್ಣು, ಒಂದೂವರೆ ಲಕ್ಷ. ಸೈಟಿನಲ್ಲಿ ಒಂದು ಮಾತ್ರ ಹೋಗಿದೆ, ಇನ್ನೊಂದು ಹೋದಮೇಲೆ ಉಳಿದದ್ದು ಅಂತ ಸಣ್ಣ ದನಿಯಲ್ಲಿ ಹೇಳಿದ.

ಕೋನಪ್ಪ ಗಂಟಲು ಸರಿಮಾಡಿಕೊಂಡ. "ಹೊನ್ನಬುಟ್ಟಿ ರಮೇಶ್‌ಬಾಬುನೋರು ತೀರಿಸ್ದಂಥ ಮುಯ್ಯಿ ಒಂದೂವರೆ ಲಕ್ಷಾಆ! ಬಾಕಿ ಇರೋದು... ತೊಂಬತ್ತು ಸಾವಿರಾಆ!"

"ಬಾಕಿ ಯಾಕೆ ಓದ್ತೀಯೋ?" ರಮೇಶ್‌ಬಾಬು ಹಲ್ಲು ಕಚ್ಚಿ ಕೇಳಿದ.

"ಸರ್ವೀಸು ಸಾ. ಅದಕ್ಕೆ ಎಕ್ಸ್‌ಟ್ರಾ ಚಾರ್ಜಿಲ್ಲ."

ಮುನಿನಾರಾಯಣಪ್ಪ ಕಾಗದಕ್ಕೆ ಸಹಿ ಹಾಕಿದ. ಬೇಜಾರಿನಲ್ಲಿ ಎದ್ದು ಹೊರಟ ಮೊಬೈಲ್ ಅಂಗಡಿಯವನನ್ನು ಆದಿಲಕ್ಷ್ಮಮ್ಮ ರಟ್ಟೆ ಹಿಡಿದು ಕೂರಿಸಿ ಮುದ್ದೆ ಹಾಕಿದಳು. ರಮೇಶ್‌ಬಾಬುವಿಗೂ ಹಾಕಿದಳು. ಅವನು ಉಂಡ. ಚೆನ್ನಾಗಿದೆ ಅಂತಲೂ ಹೇಳಿದ. ಆಂಜನಪ್ಪ ಅವನ ಬೆವರು ನೋಡಿ, "ಪಾ" ಅಂದವನು ಹೆಂಡತಿಯ ಕಣ್ಣು ಕಂಡು ಅಲ್ಲಿಗೇ ನಿಲ್ಲಿಸಿದ.

ಇಲ್ಲಿಗೆ ಎಲ್ಲ ಸರಿಹೋಯಿತು ಅನ್ನಬೇಡಿ. ಮದುವೆಗೆ ಬಂದು ಸಾಲಿನಲ್ಲಿ ನಿಂತವರು ಹತ್ತು ಹನ್ನೆರಡು ಜನ. ಹೊನ್ನಬುಟ್ಟಿಯಲ್ಲಿ ದುಡ್ಡಿಟ್ಟವರು ನೂರಾರು. ಅವರ ದುಡ್ಡನ್ನು ಯಾವ ಮೈಕಿನಲ್ಲೂ ಯಾರೂ ಓದಿಲ್ಲ. ವೆಂಕಟೇಶನ ಕಮಿಷನ್ ಹಾಗೇ ಇದೆ. ಮತ್ತು ಆ ಮನವಿ ಇನ್ನೂ ಮನೆಮನೆ ತಿರುಗುತ್ತಿದೆ: ಸಂಸ್ಥೆ ಪಾಪ, ಸಂಸ್ಥೆಯನ್ನು ಉಳಿಸಿ, ಸಾರ್ವಜನಿಕರ ದುಡ್ಡು ತಂದು ಸುರಿಯಿರಿ.

ಆದಿಲಕ್ಷ್ಮಮ್ಮ ಈಗ ಇನ್ನೊಂದು ಮನವಿ ಬರೆಸಿದ್ದಾಳೆ. ಬರೆದುಕೊಟ್ಟವನು ವೆಂಕಟೇಶ್, ಮೊದಲ ಸಹಿ ಆಂಜನಪ್ಪನದು, ಈ ಸಲ ಓದಿ ಹಾಕಿದ್ದು. ಅದರಲ್ಲಿರುವುದು ಇಷ್ಟೇ. ಸರ್ಕಾರ ಕೈ ಹಾಕಲಿ, ಆದರೆ ಎತ್ತುವುದು ಠೇವಣಿದಾರರನ್ನು, ದಿನಗೂಲಿಯಂತೆ ದುಡಿದ ಪಿಗ್ಮಿಯವರನ್ನು. ಸಂಸ್ಥೆಯ ಕುರ್ಚಿಯಲ್ಲಿ ಕೂತು ಸಾಲ ಹಂಚಿಕೊಂಡವರ ಮನೆ, ಕಾರು, ಲೇಔಟು ಮೊದಲು ಹರಾಜಾಗಲಿ. ಸಾಲದೇ ಬಂದರೆ ಆಮೇಲೆ ಖಜಾನೆಯ ಮಾತು. ಸಹಾನುಭೂತಿ ಬೇಕಾದವರು ಊಟಕ್ಕೆ ಬರಲಿ, ಮೆಸ್ಸಿನಲ್ಲಿ ಬಡಿಸುತ್ತಾರೆ, ಖಜಾನೆಯಿಂದ ಬೇಡ.

ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಈ ಮನವಿ ಹಿಡಿದು ಅವರೆಲ್ಲ ಚಿಂತಾಮಣಿ ತಾಲ್ಲೂಕು ಕಚೇರಿಯ ಮುಂದೆ ಕೂರುತ್ತಾರೆ. ನಿಮ್ಮದೂ ಯಾವುದಾದರೂ ಸೌಹಾರ್ದದಲ್ಲಿ, ಫೈನಾನ್ಸಿನಲ್ಲಿ, ಚೀಟಿಯಲ್ಲಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಟ್ಯಾಕ್ಸಂತೂ ಕಟ್ಟುತ್ತೀರಿ. ಆದ್ದರಿಂದ ಓದಿ ತಲೆಯಾಡಿಸಿ ಮಡಚಿಡುವುದು ಬೇಡ. ಆ ಹಳೇ ಮನವಿಗೆ ಹಾಕಿದ ಸಹಿಯನ್ನು ವಾಪಸು ತಗೊಳ್ಳಿ, ಹಾಕಿಲ್ಲದಿದ್ದರೆ ಹಾಕಬೇಡಿ, ಸೋಮವಾರ ಬಂದು ಅವರ ಪಕ್ಕ ನೆಲದ ಮೇಲೆ ಕೂತುಕೊಳ್ಳಿ. ಬರುತ್ತೀರೋ, ಇಲ್ಲವೋ?